ಪ್ರವೇಶಪತ್ರವಿಲ್ಲದ ವಿಜ್ಞಾನ: ಕೇಂಬ್ರಿಜ್ ಉತ್ಸವದ ಪೂರ್ವೇತಿಹಾಸ

ಕೇಂಬ್ರಿಜ್ ವಿಶ್ವವಿದ್ಯಾಲಯವು 1994ರಲ್ಲಿ ಆರಂಭಿಸಿದ ವಾರ್ಷಿಕ ವಿಜ್ಞಾನೋತ್ಸವದ ಬಹುಪಾಲು ಕಾರ್ಯಕ್ರಮಗಳಿಗೆ ಶುಲ್ಕವಿರಲಿಲ್ಲ. ಈಗ ಸಹಜವೆನಿಸುವ ಈ ಏರ್ಪಾಡಿನ ಹಿಂದೆ, ವಿಜ್ಞಾನವನ್ನು ಯಾರು ಕೇಳಬಹುದು, ಎಲ್ಲಿ ನಿಂತು ಕೇಳಬಹುದು ಎಂಬ ಪ್ರಶ್ನೆಗೆ ಬ್ರಿಟನ್ನಿನ ಸಂಸ್ಥೆಗಳು ಸುಮಾರು ಇನ್ನೂರು ವರ್ಷಗಳಲ್ಲಿ ಕೊಟ್ಟುಕೊಂಡ ಹಲವು ಉತ್ತರಗಳಿವೆ.

1799ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ನೀಡುತ್ತಿದ್ದ ರಸಾಯನಶಾಸ್ತ್ರದ ಉಪನ್ಯಾಸಗಳು ಸಿರಿವಂತರಿಗೆ ವಿದ್ಯೆಯೂ ವಿನೋದವೂ ಆಗಿದ್ದವು. ಅಲ್ಲಿಗೆ ಬರುವ ಕುದುರೆಗಾಡಿಗಳ ದಟ್ಟಣೆಯಿಂದಾಗಿಯೇ ಆಲ್ಬೆಮಾರ್ಲ್ ಬೀದಿಯಲ್ಲಿ ಏಕಮುಖ ಸಂಚಾರ ಜಾರಿಗೆ ಬಂತೆಂಬ ಪ್ರತೀತಿಯಿದೆ. 1812ರಲ್ಲಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಮೈಕೇಲ್ ಫ್ಯಾರಡೆ ಆ ಸಭಾಂಗಣವನ್ನು ಹೊಕ್ಕದ್ದು ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಪ್ರವೇಶಪತ್ರದಿಂದ. ವಿದ್ಯುತ್ಕಾಂತ ಪ್ರೇರಣೆಯನ್ನು, ಎಂದರೆ ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಹುಟ್ಟಿಸುತ್ತದೆಂಬುದನ್ನು, 1831ರಲ್ಲಿ ತೋರಿಸಿಕೊಟ್ಟ ವ್ಯಕ್ತಿಯ ಭವಿಷ್ಯವು ಒಂದು ತುಂಡು ಕಾಗದವನ್ನು ಅವಲಂಬಿಸಿತ್ತೆಂಬುದು ಆ ವ್ಯವಸ್ಥೆಯ ಹಿರಿಮೆಯೇನಲ್ಲ.

ಅದೇ 1831ರಲ್ಲಿ ಯಾರ್ಕ್ ನಗರದಲ್ಲಿ ಹುಟ್ಟಿದ ಬ್ರಿಟಿಷ್ ಅಸೋಸಿಯೇಷನ್, ವರ್ಷಕ್ಕೊಂದು ಊರಿನಲ್ಲಿ ಸಭೆ ಸೇರುವ ಪದ್ಧತಿಯನ್ನು ತಂದಿತು. 1833ರ ಕೇಂಬ್ರಿಜ್ ಸಭೆಯಲ್ಲಿ ವಿಲಿಯಂ ಹ್ಯೂವೆಲ್ ‘ಆರ್ಟಿಸ್ಟ್’ ಎಂಬುದರ ಮಾದರಿಯಲ್ಲಿ ‘ಸೈಂಟಿಸ್ಟ್’ ಎಂಬ ಪದವನ್ನು ಸೂಚಿಸಿದನು. ಒಂದು ವರ್ಗಕ್ಕೆ ಹೆಸರಿಟ್ಟ ಆ ಪದವೇ ಉಳಿದವರನ್ನು ಕೇಳುಗರ ಸಾಲಿನಲ್ಲಿ ಕೂರಿಸಿತೆನ್ನಬಹುದು. ಆದರೂ ಅಸೋಸಿಯೇಷನ್ನು 1867ರಲ್ಲಿ ಡಂಡಿಯಲ್ಲಿ ಶ್ರಮಿಕರಿಗೆಂದೇ ಜಾನ್ ಟಿಂಡಲ್ಲನ ಉಪನ್ಯಾಸವನ್ನು ಏರ್ಪಡಿಸಿತು. ಮರುವರ್ಷ ನಾರಿಚ್‌ನಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿ ಆರಿಸಿಕೊಂಡ ವಸ್ತು ಸೀಮೆಸುಣ್ಣ: ಬಡಗಿಯ ಜೇಬಿನಲ್ಲಿರುವ, ಆ ಊರಿನ ನೆಲದಡಿಯಲ್ಲೇ ಹಾಸಿಕೊಂಡಿರುವ ಆ ಬಿಳಿಯ ಕಲ್ಲು ಕಡಲತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಯುಗಯುಗಾಂತರಗಳಲ್ಲಿ ಶೇಖರಗೊಂಡು ಆದದ್ದೆಂದು ಅವನು ವಿವರಿಸಿ, ಕೇಳುಗರ ಕೈಯಲ್ಲಿದ್ದ ವಸ್ತುವಿನಿಂದಲೇ ಭೂಮಿಯ ಪ್ರಾಚೀನತೆಯನ್ನು ಮನಗಾಣಿಸಿದನು. ಜನಪ್ರಿಯ ವಿಜ್ಞಾನದಲ್ಲಿ ಇದಕ್ಕಿಂತ ಉತ್ತಮವಾದ ಮಾದರಿ ವಿರಳ.



ಕೇಂಬ್ರಿಜ್ 1873ರಿಂದ ಅಧ್ಯಾಪಕರನ್ನು ಬೇರೆ ಊರುಗಳಿಗೆ ಕಳುಹಿಸಿ ಉಪನ್ಯಾಸ ಕೊಡಿಸುವ ‘ವಿಶ್ವವಿದ್ಯಾಲಯ ವಿಸ್ತರಣೆ’ಯನ್ನು ಆರಂಭಿಸಿತಾದರೂ, ಅದರಲ್ಲಿ ವಿದ್ಯೆ ಹೊರಗೆ ಹೋಯಿತೇ ಹೊರತು ಜನ ಒಳಗೆ ಬರಲಿಲ್ಲ. ಈ ದಿಕ್ಕು ತಿರುಗಲು ಮತ್ತೊಂದು ಶತಮಾನ ಹಿಡಿಯಿತು. ತಳಿವಿಜ್ಞಾನಿ ವಾಲ್ಟರ್ ಬಾಡ್ಮರ್ ಅಧ್ಯಕ್ಷತೆಯ ಸಮಿತಿಯು 1985ರಲ್ಲಿ ರಾಯಲ್ ಸೊಸೈಟಿಗೆ ಸಲ್ಲಿಸಿದ ವರದಿಯು, ಜನರೊಡನೆ ಮಾತನಾಡುವುದು ವಿಜ್ಞಾನಿಗಳ ಕರ್ತವ್ಯವೆಂದು ಸಾರಿತು. 1989ರಲ್ಲಿ ಎಡಿನ್‌ಬರೋ ನಗರವು ವಿಜ್ಞಾನಕ್ಕೆಂದೇ ಒಂದು ಉತ್ಸವವನ್ನು ಆರಂಭಿಸಿತು. ಐದು ವರ್ಷಗಳ ಬಳಿಕ ಬಂದ ಕೇಂಬ್ರಿಜ್ ಉತ್ಸವದಲ್ಲಿ ವಿಭಾಗಗಳೇ ಬಾಗಿಲು ತೆರೆದುದರಿಂದ, ಹಕ್ಸ್‌ಲಿಯ ಶ್ರೋತೃಗಳು ಕಿವಿಯಿಂದ ಮಾತ್ರ ಪಡೆದದ್ದನ್ನು ಇಲ್ಲಿನ ಮಕ್ಕಳು ಕೈಯಿಂದ ಮುಟ್ಟಿ, ಸೂಕ್ಷ್ಮದರ್ಶಕದಲ್ಲಿ ಇಣುಕಿ ಪಡೆಯುವಂತಾಯಿತು.

ಕೋವಿಡ್ ಸಾಂಕ್ರಾಮಿಕದಿಂದಾಗಿ 2020ರ ಉತ್ಸವ ರದ್ದಾಯಿತು. 2021ರಲ್ಲಿ ಅದು ಮಾನವಿಕ ವಿಷಯಗಳ ಉತ್ಸವದೊಂದಿಗೆ ಕೂಡಿ ‘ಕೇಂಬ್ರಿಜ್ ಫೆಸ್ಟಿವಲ್’ ಆಯಿತು. ಅದರ ಹಲವು ಉಪನ್ಯಾಸಗಳಿಗೆ ಹಣ ಬೇಕಿಲ್ಲವಾದರೂ, ಆಸನಗಳು ಸೀಮಿತವಾಗಿರುವುದರಿಂದ, ಮುಂಚಿತವಾಗಿ ಹೆಸರು ನೋಂದಾಯಿಸಿ ಪ್ರವೇಶಪತ್ರ ಪಡೆದಿರಬೇಕು.