ಅಡಿಕೆ ತಿಂದರೆ ಬ್ರೈನ್ ಟ್ಯೂಮರ್ ವಾಸಿಯಾಗುತ್ತದೆಯೇ?

"ಅಡಿಕೆಯಲ್ಲಿದೆ ಮೆದುಳಿನ ಗೆಡ್ಡೆಗೆ ಮದ್ದು" ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಸಂಶೋಧನೆ ಏನು?
ನಮ್ಮ ಜೀವಕೋಶಗಳ ಮೇಲೆ ಮಸ್ಕರಿನಿಕ್ ಎಂಬ 5 ಬಗೆಯ ಗ್ರಾಹಕಗಳಿವೆ. ಗ್ಲಿಯೋಬ್ಲಾಸ್ಟೋಮಾ ಎಂಬುದು ವೇಗವಾಗಿ ಬೆಳೆಯುವ ಮೆದುಳಿನ ಕ್ಯಾನ್ಸರ್. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಮ್‌ನ ಸಪಿಯೆಂಜಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರ ಕೋಶಗಳಲ್ಲಿ ಎಂ2 ಗ್ರಾಹಕವನ್ನು ಪ್ರಚೋದಿಸಿದಾಗ ಬೆಳವಣಿಗೆ ಕುಂಠಿತವಾಯಿತು. ಬಳಸಿದ ರಾಸಾಯನಿಕ ಅರೆಕೈಡಿನ್ ಪ್ರೊಪಾರ್ಗಿಲ್ ಎಸ್ಟರ್. ಅರೆಕೈಡಿನ್ ಅಡಿಕೆಯಲ್ಲೂ ಇದೆ. ಗೊಂದಲ ಹುಟ್ಟುವುದು ಇಲ್ಲೇ.

ಸತ್ಯ ಏನು?
• ಆ ರಾಸಾಯನಿಕ ಪ್ರಯೋಗಾಲಯದಲ್ಲಿ ತಯಾರಾದದ್ದು. ಅಡಿಕೆ ಜಗಿದರೆ ಅದು ಸಿಗುವುದಿಲ್ಲ.
• ಆ ಪರೀಕ್ಷೆ ನಡೆದದ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ, ರೋಗಿಗಳ ಮೇಲಲ್ಲ.
• ಅಡಿಕೆಯ ಮುಖ್ಯ ಅಂಶ ಅರೆಕೋಲಿನ್ ಎಂ2 ಒಂದನ್ನೇ ಅಲ್ಲ, ಬೇರೆ ಗ್ರಾಹಕಗಳನ್ನೂ ಪ್ರಚೋದಿಸುತ್ತದೆ.
• ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದೇ ಪಟ್ಟಿ ಮಾಡಿದೆ. ಸುಪಾರಿ ಜಗಿಯುವವರಲ್ಲಿ ಬಾಯಿ ತೆರೆಯಲಾಗದ ಸಮಸ್ಯೆಯೂ ಕಾಣಿಸಿಕೊಳ್ಳುತ್ತದೆ.

ಏನು ಮಾಡಬೇಕು?
ಬೆಳಗಿನ ತಲೆನೋವಿನ ಜೊತೆ ವಾಂತಿ, ಮೊದಲ ಬಾರಿಗೆ ಬಂದ ಫಿಟ್ಸ್, ಒಂದು ಕೈ ಅಥವಾ ಕಾಲಿನಲ್ಲಿ ಶಕ್ತಿ ಕುಂದುವುದು, ಮಾತು ತೊದಲುವುದು ಇದ್ದರೆ ತಡಮಾಡಬೇಡಿ. ಬಸವಕಲ್ಯಾಣ, ಹುಮನಾಬಾದ್‌ನವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಗತ್ಯವಿದ್ದರೆ ಬೀದರ್‌ನ ಬ್ರಿಮ್ಸ್ ಇದೆ, ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಕೇಂದ್ರವಿದೆ. ಗ್ಲಿಯೋಬ್ಲಾಸ್ಟೋಮಾಕ್ಕೆ ಇಂದಿನ ಚಿಕಿತ್ಸೆ ಶಸ್ತ್ರಚಿಕಿತ್ಸೆ, ರೇಡಿಯೇಷನ್ ಮತ್ತು ಕೀಮೋ. ಮನೆಮದ್ದು ನಂಬಿ ಕಳೆದ ದಿನಗಳಲ್ಲಿ ಗೆಡ್ಡೆ ಬೆಳೆಯುತ್ತಲೇ ಇರುತ್ತದೆ.