ಪಕ್ಕದ ಮನೆಯವರ ಉದ್ರಿ ಪುಟ

ಸ್ಟೀಮ್ ಅಂದರೆ ವಾಲ್ವ್ ಕಂಪನಿ ನಡೆಸುವ, ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ. 2015ರ ಕ್ರಿಸ್‌ಮಸ್ ದಿನ (ನಮ್ಮಲ್ಲಾಗಲೇ 26ರ ಮಧ್ಯರಾತ್ರಿ 1.20) ಅಲ್ಲಿ ತಮ್ಮ ಖಾತೆ ತೆರೆದ ಕೆಲವರಿಗೆ ಬೇರೆ ಯಾರದೋ ಖಾತೆ ಕಂಡಿತು. ವಿಳಾಸ, ಇಮೇಲ್, ಏನೇನು ಕೊಂಡಿದ್ದಾರೆ, ಕಾರ್ಡಿನ ಕೊನೆಯ 2 ಅಂಕಿ.. ಒಂದೂವರೆ ತಾಸು ಹೀಗೇ ನಡೆಯಿತು.

ಯಾರೂ ಒಳಗೆ ನುಗ್ಗಿರಲಿಲ್ಲ. ರಿಯಾಯಿತಿ ಮಾರಾಟದ ಹೊತ್ತಿಗೆ ಯಾರೋ ಸರ್ವರ್ ಮೇಲೆ ದಾಳಿ ಮಾಡಿ ಟ್ರಾಫಿಕ್ ವಿಪರೀತ ಏರಿಸಿದ್ದರು. ಅದನ್ನು ತಡೆಯಲು ಪಾಲುದಾರ ಕಂಪನಿಯೊಂದು ಕ್ಯಾಶಿಂಗ್ ನಿಯಮ ಬದಲಿಸಿತು. ಲಾಗಿನ್ ಆದವರ ಪುಟವೂ ಕ್ಯಾಶ್‌ನಲ್ಲಿ ಕೂತು ಮತ್ತೊಬ್ಬರಿಗೆ ಹೋಯಿತು. ನಮ್ಮ ಮಸೂತಿ ಕಡೆ ಕಿರಾಣಿ ಅಂಗಡಿಯವರು, ನೀವು ನಿಮ್ಮ ಉದ್ರಿ ಎಷ್ಟು ಅಂತ ಕೇಳಿದರೆ ಪಕ್ಕದ ಮನೆಯವರ ಪುಟ ತೆರೆದು ತೋರಿಸಿದ ಹಾಗೆ. ಕಳವಾಗಿಲ್ಲ, ಆದರೆ ಮಾನ ಹೋಯ್ತಲ್ಲ!

ಸುಮಾರು 34,000 ಜನರ ವಿವರ ಹೀಗೆ ಕಂಡಿರಬಹುದೆಂದು ವಾಲ್ವ್ ಬಿಡಿಸಿ ಹೇಳಿ ಕ್ಷಮೆ ಕೇಳಿದ್ದು ಡಿಸೆಂಬರ್ 30ಕ್ಕೆ. ನನ್ನ ತಕರಾರು ಕ್ಯಾಶ್ ಬಗ್ಗೆ ಅಲ್ಲ (ಅದು ಯಾರ ಕೈಯಲ್ಲೂ ತಪ್ಪಬಹುದು), ಈ ಐದು ದಿನದ ಬಗ್ಗೆ.

ಅದೇ 2015ರಲ್ಲಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಖಾಸಗಿತನ ಮೂಲಭೂತ ಹಕ್ಕು ಹೌದೋ ಅಲ್ಲವೋ ಎಂಬ ವಾದ ನಡೆದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನಿಸಿ 2012ರಲ್ಲಿ ಹಾಕಿದ ಅರ್ಜಿ ಅದು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳೂ ಒಮ್ಮತದಿಂದ ಹೌದೆಂದರು. ಮಾಹಿತಿ ಸೋರಿದರೆ ಅದು ಯಾರದೋ ಅವರಿಗೆ ತಿಳಿಸಬೇಕು ಎಂಬ ಮಾತು ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ. ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡ ಅಂತಲೂ ಅದರಲ್ಲಿ ಬರೆದಿದೆ.