ನಿಮಿರು ದೌರ್ಬಲ್ಯದ ಮಾತ್ರೆ: ನುಂಗುವ ಮೊದಲು ಹೇಳಬೇಕಾದ್ದು, ಕೇಳಬೇಕಾದ್ದು

ನಾರಾಯಣಗೂಡದ ಔಷಧಿ ಅಂಗಡಿಗೆ ಬರುವವರು ಈ ಮಾತ್ರೆಯನ್ನು ಹೆಸರು ಹಿಡಿದು ಕೇಳುವುದು ಅಪರೂಪ. ಬೇರೆ ಗಿರಾಕಿಗಳು ಹೋಗುವವರೆಗೆ ಕಾಯುತ್ತಾರೆ, ಆಮೇಲೆ ಹಳೆಯ ಸ್ಟ್ರಿಪ್ಪಿನ ತುಂಡನ್ನು ಅಂಗೈಯಲ್ಲಿಟ್ಟು ತೋರಿಸುತ್ತಾರೆ. ಕಲಬುರಗಿ ಕಡೆಯ ಹಿರಿಯರೊಬ್ಬರು ಹೀಗೆಯೇ ಬಂದಿದ್ದರು. ಚೀಟಿ ಇರಲಿಲ್ಲ. "ಬೇರೆ ಗುಳಿಗಿ ಏನರ ತಗೋತೀರೇನ್ರಿ ಕಾಕಾ?" ಎಂದು ಕೇಳಿದೆ. "ಏನಿಲ್ರಿ" ಎಂದರು. ಸ್ವಲ್ಪ ತಡೆದು, "ಎದಿ ಹಿಡದಂಗ ಆದ್ರ ನಾಲಿಗಿ ಕೆಳಗ ಇಡ್ಲಾಕ ಒಂದು ಸಣ್ಣ ಗುಳಿಗಿ ಅದರಿ, ದಿನಾ ತಗೊಳಲ್ರಿ" ಎಂದು ಸೇರಿಸಿದರು.

ದಿನಾ ತಿನ್ನದ ಮಾತ್ರೆ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ಆದರೆ ಈ ಎರಡು ಮಾತ್ರೆಗಳು ಒಂದೇ ದಿನ ದೇಹ ಸೇರಿದರೆ ರಕ್ತದೊತ್ತಡ ತೀರಾ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು. ಅವರಿಗೆ ಅಂದು ಮಾತ್ರೆ ಕೊಡಲಿಲ್ಲ. ಮೊದಲು ಹೃದ್ರೋಗ ವೈದ್ಯರನ್ನು ಕೇಳಿ ಬನ್ನಿ ಎಂದೆ.

ಇದು ನರದೌರ್ಬಲ್ಯವೇ?

ಅನುವಾದ ಮಾಡುವಾಗ ನನಗೆ ಅತಿ ಹೆಚ್ಚು ತೊಂದರೆ ಕೊಡುವ ಪದ "ನರದೌರ್ಬಲ್ಯ". ಗೋಡೆ ಬರಹಗಳಿಂದ ಹಿಡಿದು ಬಸ್ ನಿಲ್ದಾಣದ ಚೀಟಿಗಳವರೆಗೆ ಎಲ್ಲೆಡೆ ಇದೇ ಪದ. ಆದರೆ ನಡುವಯಸ್ಸು ದಾಟಿದವರಲ್ಲಿ ಈ ತೊಂದರೆಗೆ ಬಹುಪಾಲು ಕಾರಣ ರಕ್ತನಾಳಗಳು. ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಇವೆಲ್ಲ ರಕ್ತನಾಳದ ಒಳಪದರವನ್ನು ಕೆಡಿಸುತ್ತವೆ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಹಾಗಾಗಿ ತೊಂದರೆ ಅಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಎದೆನೋವು ಶುರುವಾಗುವ ಎಷ್ಟೋ ವರ್ಷ ಮೊದಲೇ ಇದು ಕಾಣಿಸಿಕೊಂಡಿರಬಹುದು. ಚೀಟಿ ಇಲ್ಲದೆ ಮಾತ್ರೆ ಕೊಂಡವರು ಕಳೆದುಕೊಳ್ಳುವುದು ಈ ಮುನ್ಸೂಚನೆಯನ್ನೇ. ವೈದ್ಯರ ಬಳಿ ಹೋದರೆ ಬಿಪಿ, ಸಕ್ಕರೆ, ಕೊಬ್ಬಿನ ಪರೀಕ್ಷೆಯಾಗುತ್ತದೆ. ಬೇಕೆನಿಸಿದರೆ ಬೆಳಗಿನ ಹೊತ್ತು ಟೆಸ್ಟೋಸ್ಟೆರಾನ್ ನೋಡುತ್ತಾರೆ. ಮನಸ್ಸಿನ ಒತ್ತಡ, ಖಿನ್ನತೆಯೂ ಕಾರಣವಾಗಬಹುದು, ಕಿರಿಯರಲ್ಲಿ ವಿಶೇಷವಾಗಿ. ಬಿಪಿ ಅಥವಾ ಖಿನ್ನತೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು. ಹಾಗೆಂದು ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ಬದಲಿಸಲು ಆಗುತ್ತದೆಯೇ ಎಂದು ಕೇಳಿ.

ಸಿಲ್ಡೆನಾಫಿಲ್ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಟಡಾಲಾಫಿಲ್, ವಾರ್ಡೆನಾಫಿಲ್ ಆಮೇಲೆ ಬಂದವು. ಮೂರೂ ರಕ್ತನಾಳವನ್ನು ಸಡಿಲಗೊಳಿಸಿ ರಕ್ತ ಹರಿಯಲು ಅನುವು ಮಾಡುತ್ತವೆ. ಇವು ಆಸೆ ಹುಟ್ಟಿಸುವ ಮಾತ್ರೆಗಳಲ್ಲ. ಲೈಂಗಿಕ ಉದ್ರೇಕವಿಲ್ಲದೆ ಕೆಲಸ ಮಾಡುವುದಿಲ್ಲ.

ನಾಲಿಗೆಯಡಿಯ ಮಾತ್ರೆಯ ಜೊತೆ ಎಂದಿಗೂ ಬೇಡ

ಎದೆನೋವಿಗೆ ಕೊಡುವ ನೈಟ್ರೇಟ್ ಔಷಧಗಳೂ ರಕ್ತನಾಳವನ್ನೇ ಸಡಿಲಿಸುತ್ತವೆ. ಎರಡೂ ಸೇರಿದರೆ ಒಂದರ ಪರಿಣಾಮವನ್ನು ಇನ್ನೊಂದು ಹಲವು ಪಟ್ಟು ಹೆಚ್ಚಿಸುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವವು ಸಾರ್ಬಿಟ್ರೇಟ್ ಹೆಸರಿನಲ್ಲಿ ಸಿಗುವ ಐಸೋಸಾರ್ಬೈಡ್ ಡೈನೈಟ್ರೇಟ್, ಐಸೋಸಾರ್ಬೈಡ್ ಮೋನೋನೈಟ್ರೇಟ್, ಮಾತ್ರೆ, ಸ್ಪ್ರೇ, ಪ್ಯಾಚ್ ರೂಪದ ನೈಟ್ರೋಗ್ಲಿಸರಿನ್. ನಿಕೊರಾಂಡಿಲ್ ಕೂಡ ಇದೇ ಸಾಲಿಗೆ ಸೇರಿದ್ದು. ಇವುಗಳಲ್ಲಿ ಯಾವುದನ್ನಾದರೂ ದಿನವೂ ಇರಲಿ, ಬೇಕಾದಾಗ ಮಾತ್ರ ಇರಲಿ, ಬಳಸುವವರು ಸಿಲ್ಡೆನಾಫಿಲ್ ಗುಂಪಿನ ಮಾತ್ರೆ ತೆಗೆದುಕೊಳ್ಳಕೂಡದು. "ಇವತ್ತೊಂದು ದಿನ ಹಾರ್ಟ್ ಮಾತ್ರೆ ಬಿಟ್ಟರಾಯಿತು" ಎಂಬ ಉಪಾಯ ಇನ್ನೂ ಅಪಾಯಕಾರಿ. ನೈಟ್ರೇಟ್ ನಿಜಕ್ಕೂ ಮುಂದುವರಿಯಬೇಕೇ, ಬೇರೆ ಔಷಧಕ್ಕೆ ಬದಲಾಯಿಸಬಹುದೇ ಎಂದು ನಿರ್ಧರಿಸಬೇಕಾದವರು ಹೃದ್ರೋಗ ವೈದ್ಯರು.

ಮನೆಯವರು ಮುಖ್ಯವಾಗಿ ತಿಳಿಯಬೇಕಾದದ್ದು ಮುಂದಿನ ವಿಷಯ. ಎದೆನೋವು ಬಂತೆಂದರೆ ಪಕ್ಕದ ಮನೆಯವರೋ ನೆಂಟರೋ ಸಾರ್ಬಿಟ್ರೇಟ್ ತಂದು ನಾಲಿಗೆಯಡಿ ಇಡುವುದು ನಮ್ಮಲ್ಲಿ ರೂಢಿ. ರೋಗಿ ಹಿಂದಿನ ರಾತ್ರಿ ಏನು ನುಂಗಿದ್ದರೆಂದು ಅವರಿಗೆ ಗೊತ್ತಿರುವುದಿಲ್ಲ, ರೋಗಿ ಹೇಳುವುದೂ ಇಲ್ಲ. ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಟಡಾಲಾಫಿಲ್ ತೆಗೆದುಕೊಂಡು 48 ಗಂಟೆ ಆಗುವವರೆಗೆ ನೈಟ್ರೇಟ್ ಕೊಡಬಾರದು. ಲಿವರ್, ಕಿಡ್ನಿ ದುರ್ಬಲವಾಗಿದ್ದರೆ ಮಾತ್ರೆ ಇನ್ನೂ ಹೆಚ್ಚು ಹೊತ್ತು ದೇಹದಲ್ಲಿ ಉಳಿಯುತ್ತದೆ. ಸಂಭೋಗದ ವೇಳೆಯಲ್ಲಿ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಅಲ್ಲಿಗೇ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಸಿಬ್ಬಂದಿಗೂ ಕ್ಯಾಶುವಾಲ್ಟಿಯ ಡಾಕ್ಟರಿಗೂ ಮೊದಲು ಹೇಳಬೇಕಾದದ್ದು ಯಾವ ಮಾತ್ರೆ, ಎಷ್ಟು ಗಂಟೆಗೆ ಎಂಬುದು. ಹಿಂದಿ, ತೆಲುಗು ಬಾರದಿದ್ದರೆ ಸ್ಟ್ರಿಪ್ ತೋರಿಸಿದರೂ ಸಾಕು. ಅವರು ನಗುವುದಿಲ್ಲ, ಬೇರೆ ಚಿಕಿತ್ಸೆ ಆರಿಸಿಕೊಳ್ಳುತ್ತಾರೆ. ಆದ್ದರಿಂದ ಮಾತ್ರೆಯ ವಿಷಯ ಹೆಂಡತಿಗಾದರೂ ತಿಳಿದಿರಬೇಕು. ಪ್ರಜ್ಞೆ ತಪ್ಪಿದವರ ಪರವಾಗಿ ಮಾತನಾಡಬೇಕಾದವರು ಅವರೇ.

ಇನ್ಯಾರು ಎಚ್ಚರ ವಹಿಸಬೇಕು

ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್, ಬಿಪಿಗೆ ಪ್ರಾಜೋಸಿನ್ ತೆಗೆದುಕೊಳ್ಳುವವರಿಗೆ ಎದ್ದು ನಿಂತಾಗ ತಲೆ ತಿರುಗಿ ಬೀಳುವ ಭಯವಿದೆ. ಇವರಿಗೆ ವೈದ್ಯರು ಕಡಿಮೆ ಪ್ರಮಾಣದಿಂದ, ಸಾಮಾನ್ಯವಾಗಿ ಸಿಲ್ಡೆನಾಫಿಲ್ 25 ಮಿ.ಗ್ರಾಂನಿಂದ, ಆರಂಭಿಸುತ್ತಾರೆ. ಪ್ರಾಸ್ಟೇಟ್ ತೊಂದರೆಗೇ ದಿನವೂ 5 ಮಿ.ಗ್ರಾಂ ಟಡಾಲಾಫಿಲ್ ಬರೆದುಕೊಟ್ಟಿರುವುದುಂಟು. ಅದು ಗೊತ್ತಿಲ್ಲದೆ ಇನ್ನೊಂದು ಕಡೆಯಿಂದ ಸಿಲ್ಡೆನಾಫಿಲ್ ಕೊಳ್ಳುವವರಿದ್ದಾರೆ. ಈ ಗುಂಪಿನ ಎರಡು ಮಾತ್ರೆ ಒಟ್ಟಿಗೆ ಬೇಡ. ಕ್ಲಾರಿತ್ರೋಮೈಸಿನ್, ಶಿಲೀಂಧ್ರ ಸೋಂಕಿನ ಇಟ್ರಾಕೊನಜೋಲ್, ಎಚ್‌ಐವಿ ಚಿಕಿತ್ಸೆಯ ರಿಟೊನಾವಿರ್ ಇವು ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ. ತುರಿಕೆ, ಗಜಕರ್ಣಕ್ಕೆ ಇಟ್ರಾಕೊನಜೋಲ್ ತಿಂಗಳುಗಟ್ಟಲೆ ನುಂಗುವವರು ಈಗ ಬಹಳ, ಅದನ್ನೂ ಹೇಳಿ.

ಕಳೆದ ಆರು ತಿಂಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದರೆ, ವಿಶ್ರಾಂತಿಯಲ್ಲೂ ಎದೆನೋವು ಬರುತ್ತಿದ್ದರೆ, ಬಿಪಿ 90/50ಕ್ಕಿಂತ ಕಡಿಮೆಯಿದ್ದರೆ, ಕಣ್ಣಿನ ನರಕ್ಕೆ ಹಿಂದೆ ರಕ್ತ ನಿಂತು ದೃಷ್ಟಿ ಹೋಗಿದ್ದರೆ ಮೊದಲು ತಜ್ಞರ ಒಪ್ಪಿಗೆ ಬೇಕು. ಎರಡು ಮಹಡಿ ಮೆಟ್ಟಿಲು ಏದುಸಿರು, ಎದೆನೋವು ಇಲ್ಲದೆ ಹತ್ತಬಲ್ಲಿರಾ ಎಂದು ವೈದ್ಯರು ಕೇಳುವುದು ಹೃದಯ ಸಂಭೋಗದ ಶ್ರಮ ತಾಳುತ್ತದೆಯೇ ಎಂದು ಅಂದಾಜು ಮಾಡಲು.

ತೆಗೆದುಕೊಳ್ಳುವ ಬಗೆ

ಸಿಲ್ಡೆನಾಫಿಲ್ ಸಾಮಾನ್ಯವಾಗಿ 50 ಮಿ.ಗ್ರಾಂ, ಸುಮಾರು ಒಂದು ಗಂಟೆ ಮೊದಲು; 65 ದಾಟಿದವರಿಗೆ 25. ಪರಿಣಾಮ ನಾಲ್ಕು ಗಂಟೆಯವರೆಗೆ. ಟಡಾಲಾಫಿಲ್ 36 ಗಂಟೆಯವರೆಗೂ ಕೆಲಸ ಮಾಡುತ್ತದೆ. ಯಾವುದಾದರೂ ದಿನಕ್ಕೆ ಒಂದೇ ಸಲ. ಮೊದಲ ಮಾತ್ರೆ ಫಲ ಕೊಡಲಿಲ್ಲವೆಂದು ಅರ್ಧ ಗಂಟೆಗೆ ಇನ್ನೊಂದು ನುಂಗಬೇಡಿ. ಹೊಟ್ಟೆ ತುಂಬ ಬಿರಿಯಾನಿ ಉಂಡು ಸಿಲ್ಡೆನಾಫಿಲ್ ತೆಗೆದುಕೊಂಡರೆ ಕೊಬ್ಬಿನಿಂದಾಗಿ ಅದು ನಿಧಾನವಾಗುತ್ತದೆ. ನಮ್ಮ ಊರಿನಲ್ಲಿ "ಮಾತ್ರೆ ನಕಲಿ" ಎಂಬ ದೂರಿಗೆ ಇದೂ ಒಂದು ಕಾರಣವಿದ್ದೀತು. ಮದ್ಯ ಹೆಚ್ಚಾದರೆ ಬಿಪಿ ಇಳಿಯುತ್ತದೆ, ನಿಮಿರುವಿಕೆಯೂ ಕುಂದುತ್ತದೆ. ಸರಿಯಾಗಿ ತೆಗೆದುಕೊಂಡು ಬೇರೆ ಬೇರೆ ದಿನ ಆರೆಂಟು ಸಲ ನೋಡಿದ ಮೇಲೂ ಫಲವಿಲ್ಲದಿದ್ದರೆ ವೈದ್ಯರು ಪ್ರಮಾಣವನ್ನೋ ಚಿಕಿತ್ಸೆಯನ್ನೋ ಬದಲಿಸುತ್ತಾರೆ.

ತಲೆನೋವು, ಮುಖ ಬಿಸಿಯಾಗಿ ಕೆಂಪಾಗುವುದು, ಮೂಗು ಕಟ್ಟುವುದು, ಎದೆಯುರಿ ಸಾಮಾನ್ಯ. ಸಿಲ್ಡೆನಾಫಿಲ್‌ನಿಂದ ಕೆಲವರಿಗೆ ಸ್ವಲ್ಪ ಹೊತ್ತು ಎಲ್ಲವೂ ನೀಲಿ ಛಾಯೆಯಲ್ಲಿ ಕಾಣುತ್ತದೆ, ಟಡಾಲಾಫಿಲ್‌ನಿಂದ ಬೆನ್ನುನೋವು ಬರುತ್ತದೆ. ಇವು ತಾವಾಗಿ ಇಳಿಯುತ್ತವೆ. ಆದರೆ ಒಂದು ಕಣ್ಣಿನ ಅಥವಾ ಎರಡರ ದೃಷ್ಟಿ ಹಠಾತ್ತನೆ ಹೋದರೆ, ಕಿವಿ ಕೇಳದಾದರೆ, ನಿಮಿರುವಿಕೆ ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಕೊನೆಯದರಲ್ಲಿ ತಡವಾದರೆ ಶಾಶ್ವತ ಹಾನಿಯಾಗುತ್ತದೆ.

ಕೊಳ್ಳುವಾಗ

ಇದು ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧ. ಬಿಲ್ ಕೇಳಿ ಪಡೆಯಿರಿ. ಔಷಧದ ಮೂಲ ಹೆಸರು, ಮಿ.ಗ್ರಾಂ, ಅವಧಿ ನೋಡಿ. 50 ಬರೆದಲ್ಲಿ 100 ಕೊಟ್ಟರೆ ಕೇಳದೆ ನುಂಗಬೇಡಿ. ಕೆಲವು ಬ್ರ್ಯಾಂಡುಗಳಲ್ಲಿ ಸಿಲ್ಡೆನಾಫಿಲ್ ಜೊತೆ ಶೀಘ್ರಸ್ಖಲನಕ್ಕೆ ಕೊಡುವ ಡಪೊಕ್ಸೆಟಿನ್ ಸೇರಿರುತ್ತದೆ. ಬರೆದುಕೊಟ್ಟದ್ದು ಅದೇ ಅಲ್ಲದಿದ್ದರೆ ಬೇಡ. "ಶುದ್ಧ ಗಿಡಮೂಲಿಕೆ" ಎಂದು ಮಾರುವ ಕ್ಯಾಪ್ಸೂಲುಗಳಲ್ಲಿ ಲೇಬಲ್ಲಿನಲ್ಲಿ ಹೇಳದೆಯೇ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಅಮೆರಿಕದ ಎಫ್‌ಡಿಎ ಹಲವು ಬಾರಿ ಪತ್ತೆಹಚ್ಚಿದೆ. ಹೃದ್ರೋಗಿಗೆ ಅದೇ ನೈಟ್ರೇಟ್ ಅಪಾಯ, ಆದರೆ ಏನು ನುಂಗಿದೆನೆಂದು ಹೇಳಲೂ ಅವರಿಗೆ ಆಗುವುದಿಲ್ಲ.

ಅಡ್ಡಪರಿಣಾಮ ಕಂಡರೆ ವೈದ್ಯರಿಗೆ ಹೇಳುವುದರ ಜೊತೆಗೆ ರಾಷ್ಟ್ರೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಯೇ, ಇಲ್ಲವೇ ಮನೆಯವರು ತಿಳಿಸಬಹುದು. ಕರೆ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ. ಬ್ಯಾಚ್ ನಂಬರ್ ಬೇಕಾಗಬಹುದು.